ಶಾಹಜಾದಿಯ ವಿಭೂತಿ

ಕಲಬುರಗಿಯ ದನದ ದವಾಖಾನೆಯ ಕಂಪೌಂಡರ್ ಅಣವೀರಪ್ಪನಿಗೆ ಯಾರಿಗೂ ಇಲ್ಲ ಅನ್ನಲು ಬರುತ್ತಿರಲಿಲ್ಲ. ಪರಊರಿಗೆ ಹೊರಟವರೆಲ್ಲ ತಮ್ಮ ನಾಯಿ, ಗಿಳಿ, ಎಮ್ಮೆಕರು ತಂದು ಅವನ ಕೊರಳಿಗೆ ಕಟ್ಟಿ ಹೋಗುತ್ತಿದ್ದರು. ದವಾಖಾನೆಯ ಹಿಂದಿನ ತಗಡಿನ ಶೆಡ್ಡು ಯಾವಾಗಲೂ ತುಂಬಿರುತ್ತಿತ್ತು. ಹೆಂಡತಿ ಶಂಕ್ರಮ್ಮ ಗೊಣಗುತ್ತಲೇ ಅವಕ್ಕೆಲ್ಲ ಮನೆಯಿಂದ ರೊಟ್ಟಿ ಕಳಿಸುತ್ತಿದ್ದಳು.

ನಿಜಾಮನ ಪರ ನಿಂತ ರಜಾಕಾರರ ಗದ್ದಲದ ಆ ಶ್ರಾವಣದಲ್ಲಿ ಕಮಲಾಪುರದಲ್ಲಿ ಬಳೆ ಮಾರುವ ಜೈನಾಬಿ ತನ್ನ ಬಿಳಿ ಆಡನ್ನು ಬಿಡಲು ಬಂದಳು. ಮಗಳ ಬಾಣಂತನಕ್ಕೆ ಹೈದರಾಬಾದಿಗೆ ಹೊರಟಿದ್ದಳು. ಆಡಿನ ಹೆಸರು ಶಾಹಜಾದಿ, ಗತ್ತೂ ರಾಜಕುಮಾರಿಯದೇ. ಬೇರೆ ಹೆಸರು ಹಿಡಿದು ಕರೆದರೆ ಕಿವಿಯನ್ನೂ ಅಲುಗಿಸುತ್ತಿರಲಿಲ್ಲ. ಕೊರಳಲ್ಲಿ ದರ್ಗಾದ ಹಸಿರು ದಾರವಿತ್ತು. "ನನ್ನ ಜೀವ ನಿನ್ನ ಕೈಯಾಗ ಇಟ್ಟೀನಿ ತಮ್ಮಾ," ಎಂದು ಮುದುಕಿ ರೈಲು ಹತ್ತಿದಳು.

ಬೇಗ ಬರುತ್ತೇನೆಂದವಳಿಗೆ ಬರಲಾಗಲಿಲ್ಲ. ಪೊಲೀಸ್ ಆ್ಯಕ್ಷನ್ ಆಯಿತು, ಭಾರತದ ಸೈನ್ಯ ಬಂತು, ನಿಜಾಮನ ಬಾವುಟ ಇಳಿಯಿತು. ಅಲ್ಲಿಯವರೆಗೆ ಒಂದು ಕಡೆಯವರು ಹೆದರಿ ಬಾಗಿಲು ಹಾಕಿಕೊಂಡಿದ್ದರೆ, ಈಗ ಇನ್ನೊಂದು ಕಡೆಯವರ, ಜೈನಾಬಿಯಂಥವರ ಸರದಿ. ಬಡಿಗೆ ಹಿಡಿದವರು ಯಾರ ಮಾಲು ಯಾರ ಮನೆಯಲ್ಲಿದೆ ಎಂದು ಕೇಳುತ್ತ ತಿರುಗತೊಡಗಿದಾಗ ಅಣವೀರಪ್ಪ ಹಸಿರು ದಾರ ಬಿಚ್ಚಿ ಒಲೆಗೆ ಹಾಕಿದ. ಆಡಿನ ಹಣೆಗೆ ವಿಭೂತಿ ಎಳೆದು, ಇದು ನಮ್ಮ ಗೌರಿ ಎಂದ. ಬಂದವರು ನಕ್ಕು ಹೋದರು, ಆಡು ಉಳಿಯಿತು. ಅಲ್ಲಿಯವರೆಗೆ ಅವನು ಮಾಡಿದ್ದು ಒಳ್ಳೆಯ ಕೆಲಸವೇ. ಆದರೆ ಆಮೇಲೆ ಅದೇ ರೂಢಿಯಾಯಿತು. ದಿನವೂ ಮೊದಲು ತನ್ನ ಹಣೆಗೆ, ನಂತರ ಅದರ ಹಣೆಗೆ. ಕಂಪೌಂಡರನ ಮನೆಯ ಆಡಿಗೂ ಶಿವಭಕ್ತಿ ಎಂದು ಕಿರಾಣಿ ಅಂಗಡಿಯ ಸೂಗಪ್ಪ ಮೆಚ್ಚಿದಾಗ ಅಣವೀರಪ್ಪ ಹಲ್ಲು ಕಿರಿದಿದ್ದ.

ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ಜೈನಾಬಿ ಬಂದು ನಿಂತಳು. ಸೂಗಪ್ಪ ನಾಲ್ಕು ಜನರೊಂದಿಗೆ ಎತ್ತಿನ ಮದ್ದಿಗೆಂದು ದವಾಖಾನೆಯ ಕಟ್ಟೆಯ ಮೇಲೆ ಕೂತಿದ್ದ. ಯಾರ ಕೈಯಲ್ಲೂ ಬಡಿಗೆ ಇರಲಿಲ್ಲ, ಯಾರೂ ಗದರಿಸಲಿಲ್ಲ. ಸುಮ್ಮನೆ ನೋಡಿದರು, ಅಷ್ಟೇ.

"ತಮ್ಮಾ, ನನ್ನ ಆಡು," ಎಂದಳು ಜೈನಾಬಿ.

"ಯಾವ ಆಡವ್ವಾ? ಅದು ನಮ್ಮ ಗೌರಿ," ಎಂದುಬಿಟ್ಟ ಅಣವೀರಪ್ಪ. ಯಾವಾಗಲೂ ಚಾಚಿ ಎನ್ನುತ್ತಿದ್ದವನಿಗೆ ಹಾಗೆ ಕರೆಯುವ ಧೈರ್ಯವೂ ಬರಲಿಲ್ಲ.

ಶೆಡ್ಡಿನಲ್ಲಿ ಆಡು ಹಗ್ಗ ಜಗ್ಗುತ್ತ ಒದರುತ್ತಿತ್ತು. ಮುದುಕಿ ಒಮ್ಮೆ ಹೆಸರು ಹಿಡಿದು ಕರೆದಿದ್ದರೆ ಸಾಕು, ಗೂಟ ಕಿತ್ತುಕೊಂಡು ಬಂದು ಅವನ ಸುಳ್ಳನ್ನು ಎಲ್ಲರೆದುರು ಬಯಲು ಮಾಡುತ್ತಿತ್ತು. ಅವಳು ಕಟ್ಟೆಯವರನ್ನು ನೋಡಿದಳು, ಅವನ ಮುಖ ನೋಡಿದಳು, ಕರೆಯಲಿಲ್ಲ.

"ಹೌದ್ರೀ, ವಯಸ್ಸಾತು, ಕಣ್ಣು ಕಾಣಂಗಿಲ್ಲ. ನಂದು ಬ್ಯಾರೆ ಇತ್ತು," ಎಂದು ಸೆರಗು ಎಳೆದುಕೊಂಡು ಹೋದಳು.

ಅಣವೀರಪ್ಪನಿಗೆ ಅಂದಿನಿಂದ ಅನ್ನ ಸೇರಲಿಲ್ಲ. ಪ್ರಾಣಭಯಕ್ಕೆ ಸುಳ್ಳು ಹೇಳಿದ್ದರೆ ಅದು ಬೇರೆ ಮಾತು. ಇದು ಸೂಗಪ್ಪನ ಮುಂದೆ ಮುಖ ಉಳಿಸಿಕೊಳ್ಳಲು ಹೇಳಿದ ಸುಳ್ಳು. ವಿಭೂತಿ ಹಚ್ಚಿಕೊಳ್ಳಲು ಕೈ ಏಳದಷ್ಟು ನಾಚಿಕೆಯಾಗುತ್ತಿತ್ತು. ಶಂಕ್ರಮ್ಮ ಒಂದೇ ಮಾತು ಹೇಳಿದಳು: "ಆಕಿ ನಿಮ್ಮ ಮಾನ ಉಳಿಸ್ಯಾಳ. ನೀವು ಆಕಿ ಆಡು ಆಕಿಗಿ ಕೊಡಲಿಲ್ಲ."

ಆ ಮಾತಿನ ಮರುದಿನವೇ ಆಡಿನ ಹಣೆ ತೊಳೆದು, ಹಾಡಹಗಲೇ, ಬೇಕೆಂದೇ ಸೂಗಪ್ಪನ ಅಂಗಡಿಯ ಮುಂದಿನಿಂದ ನಡೆಸಿಕೊಂಡು ಹೋಗಿ ಕಮಲಾಪುರದ ಲಾರಿ ಹತ್ತಿಸಿದ. ಯಾರಾದರೂ ಕೇಳಲಿ, ನಿಜ ಹೇಳಿಯೇಬಿಡುತ್ತೇನೆ ಎಂದುಕೊಂಡಿದ್ದ. ಯಾರೂ ಕೇಳಲಿಲ್ಲ.

ಜೈನಾಬಿ ಅಂಗಳದಲ್ಲೇ ಇದ್ದಳು. "ತಪ್ಪಾತು ಚಾಚಿ," ಎಂದ. ಆಡು ಅವಳ ಮಡಿಲಿಗೆ ಮುಖ ತುರುಕಿತು. ಅವಳು ಅದರ ಹಣೆ ಸವರಿ, ಬಾವಿಕಟ್ಟೆಯಿಂದ ನೋಡುತ್ತಿದ್ದ ಜನರತ್ತ ಕಣ್ಣು ಹಾಯಿಸಿ, ದನಿ ತಗ್ಗಿಸಿದಳು.

"ಈಬತ್ತಿ ಯಾಕ ಅಳಿಸಿದಿ ತಮ್ಮಾ? ಇರಬೇಕಿತ್ತು."

ಬಾಗಿಲವರೆಗೆ ಹೋಗಿ ತಿರುಗಿ, ಎಲ್ಲರಿಗೂ ಕೇಳುವಂತೆ ಕರೆದಳು. "ಗೌರಿ, ಬಾ."

ಆಡು ಕಿವಿ ಅಲುಗಿಸಲಿಲ್ಲ.

"ಬಾ ಗೌರಿ. ಇನ್ನ ಮ್ಯಾಲ ಈ ಹೆಸರಿಗೇ ಬರೋದು ಕಲಿ."

ಅಣವೀರಪ್ಪ ಹಗ್ಗ ಹಿಡಿದು ನೆಲ ನೋಡುತ್ತ ನಿಂತಿದ್ದ. ಆ ಹೆಸರು ಇಟ್ಟವನು ಅವನೇ.