ಪೂಜೆಗಿಟ್ಟ ಕಂಪ್ಯೂಟರ್

ನೀಲಾ ಮದುವೆಯಾಗಿ ರಾಮದುರ್ಗಕ್ಕೆ ಬಂದಳು, ಅವಳ ಕುರ್ಚಿ ಮಾತ್ರ ಬೈಲಹೊಂಗಲದಲ್ಲೇ ಉಳಿಯಿತು. ಅಲ್ಲಿ ಬಾಳಕೃಷ್ಣರ ಹನಿ ನೀರಾವರಿ ಕಂಪನಿಯಲ್ಲಿ ಬಿಲ್ಲು, ಸ್ಟಾಕು, ಹೊಲಗಳ ನಕ್ಷೆ ಎಲ್ಲ ಅವಳ ಕೈಯಲ್ಲಿತ್ತು. ಕಂಪನಿ ಅಂದರೆ ಭಾರೀ ಏನಲ್ಲ: ಮುಂದೆ ಅಂಗಡಿ, ಹಿಂದೆ ಗೋದಾಮು, ನಡುವೆ ಒಂದೇ ಒಂದು ಕಂಪ್ಯೂಟರ್. ಇದರ ಹೊರಗೆ ಸವದತ್ತಿ, ಸುರೇಬಾನ ಅಂತ ಊರೂರು ತಿರುಗಿ ಹೊಲ ಅಳೆಯುವ ಹುಡುಗರು. ಮದುವೆಯಾದ ಮೇಲೆ ನೀಲಾ ಕೆಲವು ತಿಂಗಳು ಬಸ್ಸಿನಲ್ಲಿ ಓಡಾಡಿದಳು. ಬಸ್ಸಿನಲ್ಲಿ ನಿಂತ ಹೊತ್ತು ಕುರ್ಚಿಯಲ್ಲಿ ಕೂತ ಹೊತ್ತನ್ನು ಮೀರತೊಡಗಿದಾಗ, ಇನ್ನು ಮನೆಯಿಂದಲೇ ಕೆಲಸ ಮಾಡುತ್ತೇನೆ ಎಂದು ಕೇಳಿದಳು.

ಬಾಳಕೃಷ್ಣರು ಇಲ್ಲ ಎನ್ನಲಿಲ್ಲ. ದಸರೆಯವರೆಗೆ ನೋಡೋಣ, ಸರಿಹೋಗದಿದ್ದರೆ ಬೈಲಹೊಂಗಲದವಳನ್ನೇ ಒಬ್ಬಳನ್ನು ಕೂರಿಸುತ್ತೇನೆ ಎಂದರು. ಆ ಒಬ್ಬಳನ್ನು ಆಗಲೇ ನೋಡಿಟ್ಟಿದ್ದಾರೆಂದು ನೀಲಾಗೆ ಸುದ್ದಿ ಬಂದಿತ್ತು.

ದೂರದಿಂದ ಕೆಲಸ ಮಾಡುವುದಕ್ಕೆ ಯಾವ ವ್ಯವಸ್ಥೆ ಒಳ್ಳೆಯದೆಂದು ಹೇಳಲು ಬೆಳಗಾವಿಯಿಂದ ಬಾಳಕೃಷ್ಣರ ಅಣ್ಣನ ಮಗ ಅಭಿಜಿತ ಬಂದ. ಎಲ್ಲ ಲೆಕ್ಕವನ್ನೂ ಇಂಟರ್‌ನೆಟ್ಟಿನಲ್ಲಿ, ಬೇರೆ ಕಂಪನಿಯ ಯಂತ್ರಗಳಲ್ಲಿ ಇಟ್ಟುಬಿಡೋಣ, ಯಾರು ಎಲ್ಲಿಂದ ಬೇಕಾದರೂ ತೆರೆಯಬಹುದು ಎಂದ.

“ನಮ್ಮ ಲೆಕ್ಕಾ ಮಂದಿ ಮನ್ಯಾಗ ಯಾಕ ಇಡಬೇಕೋ?” ಎಂದರು ಬಾಳಕೃಷ್ಣರು. ಅದು ಅಲ್ಲಿಗೆ ಮುಗಿಯಿತು.

ಹಾಗಾದರೆ ವಿಪಿಎನ್ ಎಂದ ಅಭಿಜಿತ. ಆಫೀಸಿಗೂ ನೀಲಾಳ ಮನೆಗೂ ಹೊಲ ಅಳೆಯುವ ಹುಡುಗರಿಗೂ ನಡುವೆ ಹೊರಗಿನವರಿಗೆ ಕಾಣದ ಒಂದು ಖಾಸಗಿ ದಾರಿ. ಗುಟ್ಟಿನ ದಾರಿ ಎಂದಕೂಡಲೇ ಬಾಳಕೃಷ್ಣರಿಗೆ ಹಿಡಿಸಿತು. ಆದರೆ ಆ ದಾರಿಯಲ್ಲಿ ಪೂರ್ತಿ ನಕ್ಷೆಯ ಫೈಲು ನಡೆದು ಬರಬೇಕಿತ್ತು. ಸುರೇಬಾನದಲ್ಲಿ ಹೊಲ ಅಳೆಯುವ ಭೀಮಶಿ ನೀರಿನ ಟಾಕಿ ಹತ್ತಿ ನೆಟ್‌ವರ್ಕ್ ಹಿಡಿದು ಪರೀಕ್ಷೆ ಮಾಡಿದ. ಬುತ್ತಿ ಬಿಚ್ಚಿ ರೊಟ್ಟಿ ತಿಂದು ಕೈ ತೊಳೆದರೂ ಫೈಲು ಅರ್ಧ ದಾರಿಯಲ್ಲಿತ್ತು. ಇಷ್ಟಾಗಿ ಬಂದರೂ ತೆರೆಯುವ ಸಾಫ್ಟ್‌ವೇರ್ ಅವನ ಹತ್ತಿರ ಇರಲಿಲ್ಲ. ಅದಿದ್ದದ್ದು ಆಫೀಸಿನ ಕಂಪ್ಯೂಟರಿನಲ್ಲಿ ಮಾತ್ರ.

ಕೊನೆಗೆ ವ್ಯವಸ್ಥೆ ಆರಿಸಿದ್ದು ನೀಲಾ. ಕಂಪ್ಯೂಟರ್ ಇದ್ದಲ್ಲೇ ಇರುತ್ತದೆ, ಅದರ ಪರದೆಯಷ್ಟೇ ತನ್ನ ಲ್ಯಾಪ್‌ಟಾಪಿನಲ್ಲಿ ಕಾಣುತ್ತದೆ, ಇಲ್ಲಿ ಒತ್ತಿದ್ದು ಅಲ್ಲಿ ಒತ್ತಿದಂತಾಗುತ್ತದೆ. ಹರಿದು ಬರುವುದು ಬರೀ ಚಿತ್ರ, ಆದ್ದರಿಂದ ಟಾಕಿಯ ಮೇಲಿನ ನೆಟ್‌ವರ್ಕೂ ಸಾಕು. ಅವಳು ಹೀಗೆ ಕಂಪ್ಯೂಟರಿನ ಒಳಗೆ ಬಂದಾಗಲೆಲ್ಲ ಆಫೀಸಿನಲ್ಲಿದ್ದವರು ಒಪ್ಪಿಗೆಯ ಗುಂಡಿ ಒತ್ತಬೇಕು ಎಂದು ಬಾಳಕೃಷ್ಣರು ಹಟ ಹಿಡಿದರು. ಮೊದಲ ದಿನವೇ ಅವರು ಉಂಡು ಮಲಗಿದರು. ಎದ್ದು ಚಹಾ ಕುಡಿದು ಗುಂಡಿ ಒತ್ತುವತನಕ ನೀಲಾ ರಾಮದುರ್ಗದಲ್ಲಿ ಬಾಗಿಲ ಹೊರಗೆ ನಿಂತಂತೆ ಕೂತಿದ್ದಳು. ಮರುದಿನದಿಂದ ಗುಂಡಿ ಹೋಗಿ ಪಾಸ್‌ವರ್ಡ್ ಬಂತು, ಜೊತೆಗೆ ಪ್ರತಿ ಸಲ ಅವಳ ಮೊಬೈಲಿಗೆ ಒಂದು ಓಟಿಪಿ.

ಉಳಿದದ್ದು ಒಂದೇ ತೊಡಕು. ಆಫೀಸಿನ ಕಂಪ್ಯೂಟರ್ ಸದಾ ಚಾಲೂ ಇರಬೇಕು. ಬಾಳಕೃಷ್ಣರೋ ಊಟಕ್ಕೆ ಎದ್ದರೂ ಮೇನ್ ಸ್ವಿಚ್ ಬಂದ್ ಮಾಡಿ, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡು ಹೋಗುವವರು. ನೀಲಾ ಬೇಡಿಕೊಂಡ ಮೇಲೆ ತಾವೇ ಆ ಸ್ವಿಚ್ಚಿಗೆ ಅಡ್ಡಡ್ಡ ಟೇಪು ಹಚ್ಚಿ, ಇದನ್ನು ಮುಟ್ಟಿದವರಿಗೆ ಈ ಅಂಗಡಿಯಲ್ಲಿ ಜಾಗವಿಲ್ಲ ಎಂದು ಎಲ್ಲರಿಗೂ ಸಾರಿದರು.

ಹೀಗೆ ದಸರೆ ಹತ್ತಿರ ಬಂತು. ಒಂದು ಮುಂಜಾನೆ ಭೀಮಶಿ ಸುರೇಬಾನದ ಕಬ್ಬಿನ ಹೊಲದಿಂದ ಫೋನು ಮಾಡಿದ. ಪೈಪು ಹೂಳಲು ನಾಲೆ ತೋಡಿ ಆಗಿದೆ, ವಾಲ್ವ್ ಎಲ್ಲಿ ಕೂರಬೇಕು ತಿಳಿಯುತ್ತಿಲ್ಲ, ಜಲ್ದಿ ನೋಡಿ ಹೇಳು ನೀಲಕ್ಕ ಎಂದ. ನೀಲಾ ಓಟಿಪಿ ಒತ್ತಿ ಒಳಗೆ ಹೋದಳು, ನಕ್ಷೆ ತೆರೆದಳು, ಅವನಿಗೆ ಜಾಗ ಹೇಳಿದಳು. ಸಾಮಾನು ತುಂಬಲು ಗೋದಾಮಿನವರಿಗೂ ಬೇಕಾಗುತ್ತದೆಂದು ಎಂದಿನಂತೆ ಆಫೀಸಿನ ಪ್ರಿಂಟರಿಗೂ ಒಂದು ಪ್ರತಿ ಕಳಿಸಿದಳು.

ಆ ಹೊತ್ತಿಗೆ ಆಫೀಸಿನಲ್ಲಿ ಏನು ನಡೆದಿತ್ತು ಎಂಬುದನ್ನು ಆಮೇಲೆ ಬಾಳಕೃಷ್ಣರ ಹೆಂಡತಿ ರಾಧಾಬಾಯಿ ಅವಳಿಗೆ ನಕ್ಕು ನಕ್ಕು ಹೇಳಿದರು. ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಪ್ರಿಂಟರಿಗೆ ಚೆಂಡುಹೂವಿನ ಹಾರ ಹಾಕಿ, ಮುಂದೆ ತೆಂಗಿನಕಾಯಿ ಇಟ್ಟು ಬಾಳಕೃಷ್ಣರು ಆರತಿ ಎತ್ತಿದ್ದರು. ಪರದೆಯ ಮೇಲಿನ ಬಾಣ ಮಿಸುಕಾಡಿತು. ಆಮೇಲೆ ಸರಸರ ಓಡಿತು. ಕಸ ಹೊಡೆಯುವ ಮುದಕವ್ವ ಕೈಮುಗಿದಳು. ಪ್ರಿಂಟರು ಗರಗರ ಎಂದು ಹಾರವನ್ನು ದಬ್ಬಿ, ಸುರೇಬಾನದ ಕಬ್ಬಿನ ಹೊಲವನ್ನು ಆರತಿ ತಟ್ಟೆಯ ಮೇಲೆ ಹಾಕಿತು.

ನೀಲಾಳ ಫೋನು ರಿಂಗಾಯಿತು.

“ನೀಲಾ, ನಮ್ಮ ಮಷೀನಿನ್ಯಾಗ ಯಾರೋ ಹೊಕ್ಕಾರ,” ಎಂದರು ಬಾಳಕೃಷ್ಣರು. ದನಿ ಸಣ್ಣಗಿತ್ತು, ಹೊಕ್ಕವರಿಗೆ ಕೇಳಬಾರದು ಎಂಬಂತೆ. “ಖಂಡೇನವಮಿ ದಿವಸ. ಪೂಜಿಗಿಟ್ಟಿದ್ದು ತಾನ ಓಡಲಿಕ್ಕೆ ಹತ್ಯದ.”

ನೀಲಾ ಗೋಡೆ ನೋಡಿದಳು. ಕಿರಾಣಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಖಂಡೇನವಮಿಯ ಆಯುಧಪೂಜೆ ನಾಳೆ ಇತ್ತು. ಅವಳ ಅತ್ತೆ ಮನೆ, ಭೀಮಶಿಯ ಮನೆ ಎರಡೂ ಅದನ್ನೇ ನಂಬಿದ್ದವು. ಬಾಳಕೃಷ್ಣರದು ಪಂಚಾಂಗ, ಅದರ ಲೆಕ್ಕ ಬೇರೆ. ಆಯುಧಗಳನ್ನು ಪೂಜೆಗಿಟ್ಟ ಮೇಲೆ ಮರುದಿನದವರೆಗೆ ಯಾರೂ ಮುಟ್ಟಬಾರದು. ಇದು ಎಲ್ಲರಿಗೂ ಗೊತ್ತಿದ್ದದ್ದೇ ಆದ್ದರಿಂದ ಯಾವ ದಿನವೆಂದು ಅವರು ಯಾರಿಗೂ ಹೇಳಿರಲಿಲ್ಲ.

ಕಳ್ಳನ ಮೇಲೆ ಹಾಕಿದರೆ ಅಭಿಜಿತ ಬಂದು ಇಡೀ ವ್ಯವಸ್ಥೆಯನ್ನೇ ಕಿತ್ತು ಹಾಕುತ್ತಾನೆ. ತಾನೇ ಎಂದರೆ ಮಾಲಕರು ತನ್ನನ್ನು ಕೀಳುತ್ತಾರೆ. ಎರಡರಲ್ಲೂ ಕುರ್ಚಿ ಹೋಗುವುದೇ ಆದರೆ ಸುಳ್ಳಿನ ದಂದುಗ ಯಾಕೆ ಎಂದುಕೊಂಡಳು.

“ಅದು ನಾನರಿ ಮಾಲಕರ.”

“ಪೂಜಿಗಿಟ್ಟಿದ್ದನ್ನ ಮುಟ್ಟಿದಿ?”

“ನಾ ರಾಮದುರ್ಗದಾಗ ಅದೀನ್ರಿ. ಮುಟ್ಟೂದು ಹೆಂಗರಿ?”

ಫೋನಿನಲ್ಲಿ ಹಾಳೆ ತಿರುವುವ ಸದ್ದು ಬಂತು. ಪಂಚಾಂಗದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ರಾಧಾಬಾಯಿಯ ಮಾತು ಕೇಳಿಸಿತು: “ಆ ಹುಡುಗೀಗೆ ಏನ ಅಂತೀರಿ? ಟ್ರ್ಯಾಕ್ಟರ್ ಚಾಲೂ ಇಟ್ಟು ಯಾರರೆ ಕುಂಕುಮಾ ಹಚ್ಚತಾರೇನು?”

ಸ್ವಿಚ್ಚಿನ ಮೇಲಿನ ಟೇಪು ತಮ್ಮದೇ ಕೈಯದು ಎಂಬುದು ಅವರಿಗೆ ನೆನಪಾಗಿರಬೇಕು. ನಾಳೆ ದಸರೆ, ನಾಳೆಯೇ ತೀರ್ಮಾನ ಎಂದು ಫೋನು ಇಟ್ಟರು.

ಮರುದಿನ ಬೈಲಹೊಂಗಲದಲ್ಲಿ ದಸರೆ, ರಾಮದುರ್ಗದಲ್ಲಿ ಖಂಡೇನವಮಿ. ನೀಲಾಳ ಅತ್ತೆ ಮಾಯವ್ವ ಕುಡಗೋಲು, ಕೊಡಲಿ, ಹೊಲಿಗೆ ಮಷೀನು ಎಲ್ಲ ತೊಳೆದು ಒರೆಸಿ ಸಾಲಾಗಿ ಇಟ್ಟಳು. ಕೊನೆಯಲ್ಲಿ ಲ್ಯಾಪ್‌ಟಾಪು, ಅದರ ಮೇಲೆ ವಿಭೂತಿ, ಅದರ ಮೇಲೆ ನಿಂಬೆಹಣ್ಣು. ಮೊಬೈಲಿನ ಮಟ್ಟಿಗೆ ಒಂದು ರಿಯಾಯಿತಿ ಕೊಟ್ಟಿದ್ದಳು: ಕರೆ ಬಂದರೆ ಎತ್ತಿ ಮಾತಾಡಬಹುದು, ಬೇರೇನೂ ಒತ್ತುವಂತಿಲ್ಲ.

ಕರೆ ಬಂತು. ನೇಸರಗಿಯ ರೈತನೊಬ್ಬ ಒಳ್ಳೆಯ ಮುಹೂರ್ತದಲ್ಲೇ ಪೈಪು ಒಯ್ಯಬೇಕೆಂದು ಗಾಡಿ ತಂದು ನಿಲ್ಲಿಸಿದ್ದ. ಅವನ ಹಿಂದೆ ಇನ್ನೂ ಮಂದಿ ಇದ್ದರು. ಬಿಲ್ಲು ಮಾಡು ಎಂದರು ಬಾಳಕೃಷ್ಣರು.

“ನಮ್ಮಲ್ಲಿ ಇವತ್ತ ಪೂಜಿರಿ,” ಎಂದಳು ನೀಲಾ. “ಬಂದ್ ಮಾಡೇ ಪೂಜಿ ಮಾಡ್ಯಾರ.”

ಬಾಯಲ್ಲಿ ಹೇಳು, ನಾನೇ ಒತ್ತುತ್ತೇನೆ ಎಂದರು. ನೀಲಾ ಹೇಳಿದಳು, ಅವರು ಒತ್ತಿದರು. ಮೊದಲು ಪೈಪನ್ನು ಕಂಪನಿಯ ಹೆಸರಿಗೇ ಮಾರಿದರು. ಆಮೇಲೆ ನೇಸರಗಿಯವನ ಗಾಡಿ ನಂಬರನ್ನು ಪೈಪಿನ ಉದ್ದ ಎಂದು ಬರೆದರು. ಮೂರನೆಯ ಸಲ ಪರದೆಯೇ ಕಾಣೆಯಾಯಿತು. ಮುಹೂರ್ತ ಮೀರುತ್ತದೆ ಎಂದು ರೈತ ಗೊಣಗುವುದು ರಾಮದುರ್ಗಕ್ಕೂ ಕೇಳುತ್ತಿತ್ತು.

“ನಿಮ್ಮ ಅತ್ತೀಗೆ ಫೋನ್ ಕೊಡು,” ಎಂದರು ಬಾಳಕೃಷ್ಣರು. ಕೊಟ್ಟಳು. “ಮಾಯವ್ವಾರ, ಅಕೀಗೆ ಒಂದ ಸ್ವಲ್ಪ ಮುಟ್ಟಲಿಕ್ಕೆ ಬಿಡ್ರಿ.”

“ನಿನ್ನಿ ಮುಟ್ಟಿದ್ದಕ್ಕ ಬೈದೀರಂತಲ್ರಿ?” ಎಂದಳು ಮಾಯವ್ವ, ಫೋನು ಸೊಸೆಗೆ ಕೊಟ್ಟು ಹೋಳಿಗೆ ಬೇಯಿಸಲು ಹೋದಳು.

ಬಾಳಕೃಷ್ಣರು ಕೈಯಲ್ಲೇ ಬಿಲ್ಲು ಬರೆದು ಗಾಡಿ ಕಳಿಸಿದರು. ಆದರೂ ಫೋನು ಇಡಲಿಲ್ಲ. ನೀಲಾ ತಾನೇ ಕೇಳಿದಳು: “ಆ ಹೊಸಾ ಹುಡುಗಿ ಯಾವಾಗ ಬರತಾಳ್ರಿ?”

“ಯಾ ಹುಡುಗಿ?” ಎಂದರು ಬಾಳಕೃಷ್ಣರು. “ನಾಳೆ ಮುಂಜಾನೆ ಕೆಲಸಕ್ಕ ಕೂಡತೀಯೋ ಇಲ್ಲೋ?”

“ಕ್ಯಾಲೆಂಡರ್ ನೋಡಿ ಹೇಳತೇನ್ರಿ.”

ಸಂಜೆಯೊಳಗೆ ಕಂಪನಿಯ ವಾಟ್ಸಾಪ್ ಗುಂಪಿಗೆ ಪಂಚಾಂಗದ ಅಷ್ಟೂ ಹಾಳೆಗಳ ಫೋಟೊ ಬಂದವು. ಭೀಮಶಿ ಟಾಕಿ ಹತ್ತಿ ನೋಡಿದ. ಅರ್ಧ ಮಾತ್ರ ತೆರೆದವು.