ಮಲಗುವವರ ಕಡೆಯವಳು

ಚೀಟಿ ಎತ್ತಿದ್ದು ಮೊಳೆಯೇ. ಮೇಜಿನ ಮೇಲೆ ಹರಡಿದ್ದ ಅಂಟಿಸಿದ ಲಕೋಟೆಗಳಲ್ಲಿ ಕೈಗೆ ಸಿಕ್ಕ ಒಂದನ್ನು ತೆಗೆದು ಫಿಸಿಯೋ ಮೇಡಂಗೆ ಕೊಟ್ಟಳು. ಮೇಡಂ ಒಡೆದು ನೋಡಿ, "ನೀನು ಚಾಪೆ ಕಡೆ ಕಣಮ್ಮ" ಎಂದರು. ಅಷ್ಟೇ ಆದದ್ದು. ಆಮೇಲೆ ಆದದ್ದೆಲ್ಲ ಜನ ಮಾಡಿದ್ದು.

ಆಸ್ಪತ್ರೆಯ ಆ ಉದ್ದನೆಯ ಕೋಣೆಯ ನಡುವೆ ಒಂದು ಹಸಿರು ಪರದೆ. ಸೊಂಟನೋವಿರುವ ಹದಿಹರೆಯದವರಿಗೆ ಯಾವ ವ್ಯಾಯಾಮ ಹೆಚ್ಚು ಗುಣ ಕೊಡುತ್ತದೆ ಎಂದು ಹೋಲಿಸಿ ನೋಡಲು ಅದನ್ನು ಇಳಿಬಿಟ್ಟಿದ್ದರು. ಈ ಕಡೆ ಚಾಪೆ. ಅಂಗಾತ ಮಲಗಿ ಹೊಟ್ಟೆಯೊಳಗಿನ ಸ್ನಾಯುವನ್ನು ಬಿಗಿಹಿಡಿಯುವುದು, ನಾಲ್ಕುಗಾಲಿನಲ್ಲಿ ನಿಂತು ಒಂದು ಕೈಯನ್ನೂ ಅದರ ಎದುರು ಬದಿಯ ಕಾಲನ್ನೂ ಚಾಚಿ ನಡುಗುವವರೆಗೆ ತಡೆದಿರುವುದು. ಆ ಕಡೆ ಭಾರ. ಮರಳಿನ ಚೀಲ, ಹಿಡಿಕೆಯಿರುವ ಕಬ್ಬಿಣದ ಗುಂಡು. ಹುಡುಗರು ಮೊದಲ ವಾರದಲ್ಲೇ ಎರಡು ಪಂಗಡಕ್ಕೂ ಹೆಸರಿಟ್ಟರು: ಮಲಗೋರು, ಎತ್ತೋರು. ಯಾರು ಯಾವ ಕಡೆ ಎನ್ನುವುದನ್ನು ತೀರ್ಮಾನಿಸಿದ್ದು ಲಕೋಟೆ ಮಾತ್ರ. ಯಾರ ಬೆನ್ನನ್ನೂ ನೋಡಿ ಅಲ್ಲ.

ಮೊಳೆ ಟೈರ್ ಅಂಗಡಿಯವನ ಮಗಳು. ಇನ್ನೂ ಹದಿನಾರು. ಟೈರಿನೊಳಗೆ ಹೊಕ್ಕ ಮೊಳೆಯನ್ನು ಬರಿ ಬೆರಳಲ್ಲಿ ಸವರಿ ಹುಡುಕುತ್ತಿದ್ದಳೆಂದು ಅಂಗಡಿಯ ಮೇಸ್ತ್ರಿ ಇಟ್ಟ ಹೆಸರು ಅದು. ಸ್ಕೂಲು ಬಿಟ್ಟ ಮೇಲೆ, ರಜೆಯ ದಿನ, ಅವಳು ಇರುತ್ತಿದ್ದದ್ದು ಜಾಕಿನ ಪಕ್ಕದಲ್ಲೇ. ಮುಂದೆ ಅಂಗಡಿ ತನ್ನದು, ಗಲ್ಲಾ ಅಲ್ಲ, ಕೆಲಸದ ನೆಲ ತನ್ನದು ಎಂದುಕೊಂಡೇ ಬೆಳೆದವಳು. ಸೊಂಟ ಹಿಡಿದುಕೊಂಡ ದಿನ ಅಪ್ಪ ಅವಳನ್ನು ಗಲ್ಲಾದ ಹಿಂದಿನ ಸ್ಟೂಲಿನ ಮೇಲೆ ಕೂರಿಸಿದ. "ಆಸ್ಪತ್ರೆಯೋರು ಏನಂತಾರೋ ನೋಡೋಣ. ಅಲ್ಲೀವರೆಗೂ ಚಕ್ರ ಮುಟ್ಟಬೇಡ."

ಆಸ್ಪತ್ರೆಯವರು ಚಾಪೆ ಎಂದ ಸುದ್ದಿ ಕೇಳಿ ಅಪ್ಪ ತೊಡೆ ತಟ್ಟಿದ. "ನೋಡಿದ್ಯಾ? ಅಷ್ಟು ಓದಿದೋರೇ ನಿನ್ನ ಮಲಗಿಸಿದ್ರು!"

"ಅಪ್ಪಾ, ಅದು ಚೀಟಿ. ನಾನೇ ಎತ್ತಿದ್ದು."

"ಚೀಟಿ ಸುಮ್ನೆ ಬರುತ್ತೇನೇ? ಗಟ್ಟಿ ಇರೋರಿಗೆ ಭಾರ ಬಂತು, ನಿಂಗೆ ಚಾಪೆ ಬಂತು. ಅರ್ಥ ಮಾಡ್ಕೊ."

ಕೋಣ ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಏನು ಹೇಳುವುದು? ಮುಂದಿನ ವಾರವೇ ದೊಡ್ಡಪ್ಪನ ಮಗ ಕೆಲಸಕ್ಕೆ ಬಂದ. ಗೋಡೆಗೆ ನೇತುಹಾಕಿದ್ದ ಮೊಳೆಯ ನೀಲಿ ಕೋಟನ್ನೇ ಅವನಿಗೆ ತೊಡಿಸಿದರು. ತೋಳು ಮೊಣಕೈ ದಾಟುತ್ತಿರಲಿಲ್ಲ. ಸ್ಪ್ಯಾನರನ್ನು ಸೌಟಿನಂತೆ ಹಿಡಿದು ಅವನು ನಟ್ಟು ತಿರುಗಿಸುವುದನ್ನು ಅವಳು ಸ್ಟೂಲಿನ ಮೇಲಿಂದ ನೋಡಬೇಕಾಯಿತು.

ಅವಳ ಅಪ್ಪನೊಬ್ಬನೇ ಹಾಗಲ್ಲ. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದ ಮನೆಮಂದಿಯೆಲ್ಲ ಆ ಪರದೆಯನ್ನು ಹಣೆಬರಹದಂತೆ ಓದುತ್ತಿದ್ದರು. ಎತ್ತೋರ ತಂದೆಯರು ಎದೆ ಮುಂದೆ ಮಾಡಿ ಕೂರುತ್ತಿದ್ದರು. ಮಲಗೋರ ತಾಯಂದಿರು ದನಿ ತಗ್ಗಿಸುತ್ತಿದ್ದರು. ಎತ್ತೋರಲ್ಲಿ ಒಬ್ಬ ಉದ್ದನೆಯ ಹುಡುಗನಿದ್ದ, ಎಲ್ಲರೂ ಜಿರಾಫೆ ಅನ್ನುತ್ತಿದ್ದರು. ಅವನ ತಾಯಿ ಮಾತ್ರ, ಮಗನ ಕೈಗೆ ಕಬ್ಬಿಣ ಕೊಟ್ಟರೆಂದು ಬಂದವರ ಮುಂದೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮೊಳೆ ಒಂದು ದಿನ ಮೇಡಂ ಮುಂದೆ ನಿಂತಳು. "ಮೇಡಂ, ನಾನು ಚಕ್ರ ಎತ್ತಬಹುದಾ ಇಲ್ವಾ? ನೇರ ಹೇಳಿ."

"ಎತ್ತಬಹುದು. ಸ್ವಲ್ಪ ಸ್ವಲ್ಪವಾಗಿ ಶುರು ಮಾಡು, ಮಂಡಿ ಮಡಚಿ, ಮೈಗೆ ಹತ್ತಿರ ಹಿಡಿದು. ನಿನ್ನ ಬೆನ್ನಲ್ಲಿ ಏನೂ ಮುರಿದಿಲ್ಲ. ನೋವು ಬಂದ ಮಾತ್ರಕ್ಕೆ ಏನೋ ಹಾಳಾಯ್ತು ಅಂತ ಅಲ್ಲ."

"ಇದನ್ನ ಅಪ್ಪಂಗೆ ಹೇಳಿ."

ಮೇಡಂ ಹೇಳಿದರು, ಪಾಪ. ಅಪ್ಪ ಕೈಕಟ್ಟಿ ನಿಂತು ಪೂರ್ತಿ ಕೇಳಿದ. ದಾರಿಯಲ್ಲಿ ನಕ್ಕ. "ಒಳ್ಳೇ ಹೆಂಗಸು, ನಿನ್ನ ಮನಸ್ಸು ನೋಯಿಸಬಾರದು ಅಂತ ಹಾಗಂದ್ರು. ಬಾಯಲ್ಲಿ ಹೇಳೋದನ್ನ ಬಿಡು, ಮಾಡಿರೋದನ್ನ ನೋಡು. ಮಲಗಿಸಿದಾರೆ."

ಜಿರಾಫೆ ನೀರಿನ ನಲ್ಲಿಯ ಹತ್ತಿರ ಸಿಕ್ಕಿ ಉಪಾಯ ಹೇಳಿದ. "ಲೇ ಮೊಳೆ, ನಾವಿಬ್ಬರೂ ಬದಲಾಯಿಸ್ಕೊಳ್ಳೋಣ. ಬದಲಾಯಿಸದಿದ್ರೆ ನಾಳೆಯಿಂದ ಬರಲ್ಲ ಅನ್ನೋಣ. ಒಪ್ತಾರೆ. ನಮ್ಮಮ್ಮನ ಅಳು ನಿಲ್ಲುತ್ತೆ, ನಿಮ್ಮಪ್ಪನ ಬಾಯಿ ಮುಚ್ಚುತ್ತೆ."

ಅವಳಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ಪರದೆಯ ಆ ಕಡೆಯಿಂದ ಕಬ್ಬಿಣ ನೆಲಕ್ಕಿಡುವ ಸದ್ದು ಕೇಳಿದಾಗಲೆಲ್ಲ ಅವಳ ಅಂಗೈ ತುರಿಸುತ್ತಿತ್ತು. ಒಂದು ಮಾತು ಆಡಿದರೆ ಸಾಕು, ಕೋಟು ವಾಪಸ್ಸು ಬರುತ್ತದೆ.

"ಬೇಡ," ಎಂದಳು.

"ಯಾಕೇ? ಹುಚ್ಚಾ ನಿಂಗೆ?"

"ನಾನು ಆ ಕಡೆ ಬಂದ್ರೆ ಈ ಕಡೆ ಇರೋರೆಲ್ಲ ಕೈಲಾಗದೋರು ಅಂತ ನಾನೇ ಒಪ್ಪಿಕೊಂಡ ಹಾಗೆ ಆಗುತ್ತಲ್ಲೋ. ಮೂವರು ಹುಡುಗೀರು, ನಾಲ್ವರು ಹುಡುಗರು ಈ ಕಡೆ ಬೆವರು ಸುರಿಸ್ತಿದಾರೆ. ನೀನೊಂದು ಸಲ ನಾಲ್ಕುಗಾಲಲ್ಲಿ ನಿಂತು ಕೈಕಾಲು ಚಾಚು, ಎಲ್ಲಿ ನಡುಗುತ್ತೆ ಗೊತ್ತಾಗುತ್ತೆ. ಯಾವುದು ಒಳ್ಳೇದು ಅಂತ ಮೇಡಂಗೇ ಇನ್ನೂ ಗೊತ್ತಿಲ್ಲ. ಬೇಕಾದೋರು ಬೇಕಾದ ಕಡೆ ಓಡಿದ್ರೆ ಯಾರಿಗೂ ಗೊತ್ತಾಗಲ್ಲ. ನಾನು ಇಲ್ಲೇ ಇರ್ತೀನಿ. ಚಕ್ರಾನೂ ಎತ್ತೀನಿ."

"ನಿಮ್ಮಪ್ಪ ಬಿಟ್ರೆ ತಾನೆ?"

"ಬಿಡದೆ ಏನು ಮಾಡ್ತಾನೆ, ನೋಡೋಣ."

ರಜೆಯ ದಿನ ಬೆಳಗ್ಗೆ ಅಂಗಡಿಯ ಬಾಗಿಲು ಎತ್ತುವಾಗಲೇ ಒಂದು ವ್ಯಾನು ಕುಂಟುತ್ತಾ ಬಂದು ನಿಂತಿತು. ಹಿಂದಿನ ಎರಡೂ ಚಕ್ರ ನೆಲ ಕಚ್ಚಿದ್ದವು. ಅಪ್ಪ ಸೊಂಟದ ಬೆಲ್ಟು ಬಿಗಿಯುತ್ತಿದ್ದ. ಮೊಳೆ ನಟ್ಟು ತುಂಬುವ ಡಬ್ಬಿಯನ್ನು ಖಾಲಿ ಮಾಡಿ, ನಾಲ್ಕು ಚೀಟಿ ಮಡಚಿ ಹಾಕಿ ಕುಲುಕಿದಳು.

"ಇವತ್ತು ನಮ್ಮ ಅಂಗಡೀಲೂ ಚೀಟಿ. ಮೂರರಲ್ಲಿ ಚಕ್ರ ಅಂತಿದೆ, ಒಂದರಲ್ಲಿ ಗಲ್ಲಾ. ಎತ್ತಿ. ನನ್ನದು ಕೊನೇದು."

ಅಪ್ಪನ ಹುಬ್ಬು ಗಂಟಾಯಿತು. "ಏನಾಟ ಇದು, ಬೆಳಬೆಳಗ್ಗೆ?"

"ಚೀಟಿ ಸುಮ್ನೆ ಬರಲ್ಲ ಅಂದಿದ್ದು ನೀನೇ ಅಲ್ವಾ? ಯಾರು ಗಟ್ಟಿ ಅಂತ ಅದೇ ಹೇಳಲಿ."

ಮೇಸ್ತ್ರಿಗೆ ಇಂಥದ್ದೆಂದರೆ ಹಬ್ಬದೂಟ. "ಎತ್ತಿ ಯಜಮಾನ್ರೇ, ಮಗಳ ಹತ್ರ ಭಯಾನಾ?" ಎನ್ನುತ್ತಾ ಮೊದಲು ತಾನೇ ಕೈ ಹಾಕಿದ. ಚಕ್ರ. ದೊಡ್ಡಪ್ಪನ ಮಗನಿಗೂ ಚಕ್ರ. ಡಬ್ಬಿಯಲ್ಲಿ ಎರಡುಳಿದವು. ಗಲ್ಲಾ ತನಗೇ ಬರಬಹುದು, ಬಂದರೆ ಎಲ್ಲರ ಮುಂದೆ ಬಾಯಿ ಮುಚ್ಚಿಕೊಂಡು ಕೂರಬೇಕು ಎಂದು ಅವಳಿಗೆ ಗೊತ್ತಿತ್ತು. ಡಬ್ಬಿ ಹಿಡಿದ ಕೈಯನ್ನು ಅವಳು ಅಲುಗಿಸಲಿಲ್ಲ.

ಅಪ್ಪ ಎತ್ತಿದ. ಬಿಚ್ಚಿದ. ಮೇಸ್ತ್ರಿ ಇಣುಕಿ ನೋಡಿ, "ಅಯ್ಯೋ, ಗಲ್ಲಾ! ಯಜಮಾನರ ಸೊಂಟ ಹೋಯ್ತಂತಪ್ಪೋ!" ಎಂದು ಕೂಗಿದ. ವ್ಯಾನಿನವನೂ ನಕ್ಕುಬಿಟ್ಟ.

"ಥೂ! ಇದೊಂದು ಕಾಗದದ ಚೂರು. ನನ್ನ ಬೆನ್ನು ಇದಕ್ಕೇನು ಗೊತ್ತು?" ಅಪ್ಪ ಗುಡುಗಿದ.

"ಗೊತ್ತಿಲ್ಲ ತಾನೆ?" ಮೊಳೆಯೂ ದನಿ ತಗ್ಗಿಸಲಿಲ್ಲ. "ಆಸ್ಪತ್ರೆ ಚೀಟಿಗೆ ನನ್ನ ಬೆನ್ನೂ ಗೊತ್ತಿರಲಿಲ್ಲ ಅಪ್ಪಾ! ಆ ಬೆಲ್ಟು ಯಾಕೆ ಕಟ್ಟಿದೀಯ?"

"ನೋವಿದೆ, ಅದಕ್ಕೆ."

"ಯಾವಾಗಿಂದ?"

"ನೀನು ಹುಟ್ಟೋಕೆ ಮುಂಚಿಂದ."

"ನಿಂಗೆ ನೋವಾದ್ರೆ ಬೆಲ್ಟು, ನಂಗೆ ನೋವಾದ್ರೆ ಸ್ಟೂಲು. ಇದು ಯಾವ ಡಾಕ್ಟ್ರು ಬರೆದುಕೊಟ್ಟಿದ್ದು?"

ಯಾರೂ ಬರೆದುಕೊಟ್ಟಿರಲಿಲ್ಲ. ಬರೆಯದೆಯೇ ನಡೆಯುವ ಕಾನೂನುಗಳೇ ಹೆಚ್ಚು ಗಟ್ಟಿ. ಗಂಡಸಿನ ನೋವು ದುಡಿಮೆಯ ಪದಕವಾಗುತ್ತದೆ, ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಮೆರೆಯಬಹುದು. ಹುಡುಗಿಯ ನೋವು ಮಾತ್ರ ಅವಳನ್ನು ಮೂಲೆಗೆ ಸರಿಸಲು ಕಾದು ಕೂತವರಿಗೆ ಸಿಕ್ಕ ನೆಪ. ಅಪ್ಪ ಕೆಟ್ಟವನಲ್ಲ. ಆದರೆ ಒಳ್ಳೆಯವರು ಪ್ರೀತಿಯಿಂದ ಹಾಕಿದ ಸ್ಟೂಲಿನಿಂದ ಏಳುವುದು ಇನ್ನೂ ಕಷ್ಟ.

"ಯಾರಾದ್ರೂ ಹಾಕ್ರಪ್ಪಾ, ಅಪ್ಪನೋ ಮಗಳೋ. ನಂಗೆ ಹೊತ್ತಾಯ್ತು," ಎಂದ ವ್ಯಾನಿನವನು.

ದೊಡ್ಡಪ್ಪನ ಮಗ ಮೊದಲು ಕದಲಿದ. ಕೋಟು ಕಳಚಿ ಅವಳತ್ತ ಎಸೆದ. "ತಗೋ ತಾಯಿ. ನಂಗೆ ಕಂಕುಳು ಹಿಡಿಯುತ್ತೆ. ನಾನು ಪಂಪು ನೋಡ್ಕೋತೀನಿ."

ಮೊಳೆ ನಟ್ಟು ಸಡಿಲಿಸಿ ಜಾಕು ಕೊಟ್ಟಳು. ಒಂದೊಂದಾಗಿ ಬಿಚ್ಚಿ ಸಾಲಾಗಿ ಇಟ್ಟಳು. ಮಂಡಿ ಮಡಚಿ, ಹೊಟ್ಟೆಯ ಒಳಗನ್ನು ಚಾಪೆಯ ಮೇಲೆ ಹಿಡಿದಂತೆಯೇ ಬಿಗಿಹಿಡಿದು, ಚಕ್ರವನ್ನು ಎದೆಗೆಳೆದುಕೊಂಡಳು. ನೋವು ಬಂತು. ಸೊಂಟದ ಎಡಬದಿಯಲ್ಲಿ, ತನ್ನ ಜಾಗ ತನಗೆ ಗೊತ್ತು ಎನ್ನುವಂತೆ. ಉಸಿರು ಬಿಟ್ಟು ಅವಳು ಚಕ್ರವನ್ನು ನೆಲಕ್ಕಿಳಿಸಿದಳು, ಬೀಳಿಸಲಿಲ್ಲ.

ಅಪ್ಪ ಸ್ಟೂಲಿನಿಂದ ಅರ್ಧ ಎದ್ದಿದ್ದ. ಯಾವಾಗ ಕೂತಿದ್ದನೋ ಅವನಿಗೇ ತಿಳಿದಿರಲಿಲ್ಲ. "ನೋಯ್ತಾ?"

"ಹೂಂ."

"ಹಾಗಾದ್ರೆ ಬಿಡೇ..."

"ನೋಯ್ತು ಅಂದೆ. ಆಗಲ್ಲ ಅಂದ್ನಾ?"

ಅಪ್ಪ ಮತ್ತೆ ಸ್ಟೂಲಿನ ಮೇಲೆ ಕೂತ. ಅವಳು ಎರಡನೆಯ ಚಕ್ರದ ಕಡೆ ಹೋದಳು. ಪಂಚರ್ ಹಾಕಿದ ಚಕ್ರಗಳನ್ನು ಅವಳು ಗಾಡಿಗೆ ಕೂಡಿಸುತ್ತಿರುವಾಗ ಅವನು ಕೆಮ್ಮಿ ಕೇಳಿದ, "ನಾಳೆ ಸಂಜೆ ಆಸ್ಪತ್ರೆಗೆ ಹೋಗ್ತೀಯಾ ಇಲ್ವಾ?"

"ಹೋಗ್ತೀನಿ. ಚಾಪೆ ಕಡೆಗೇ."

"ಬಂದು ಮತ್ತೆ ಚೀಟಿ ಹಾಕ್ತೀಯಾ?"

"ಇಲ್ಲ. ಗೊತ್ತಿಲ್ಲದ್ದನ್ನ ತಿಳ್ಕೊಳ್ಳೋಕೆ ಮೇಡಂಗೆ ಚೀಟಿ ಬೇಕು. ಇಲ್ಲಿ ಯಾರು ಕೆಲಸ ಮಾಡ್ತಾರೆ ಅನ್ನೋದಕ್ಕೆ ಚೀಟಿ ಯಾಕೆ? ನಾಳೇನೂ ನಾನೇ." ಅವಳು ತಲೆ ಎತ್ತದೆ ಕೊನೆಯ ನಟ್ಟನ್ನು ಬಿಗಿದಳು. "ಇವರ ಗಾಡಿ ಆಯ್ತು ಅಪ್ಪಾ. ದುಡ್ಡು ತಗೋ. ಚಿಲ್ಲರೆ ಕೆಳಗಿನ ಖಾನೇಲಿದೆ."