ಬೀಗದ ಕಂಪನಿಯ ಒಳ್ಳೆಯತನ

ಬೀಗ ತಯಾರಿಸುವ ಆ ಕಂಪನಿಯ ಒಂದು ಷೇರಿನ ಬೆಲೆಗೆ ಅರ್ಧ ಲೋಟ ಚಹಾ ಕೂಡ ಬರುತ್ತಿರಲಿಲ್ಲ. ತಿಳಿದವರು ಮೂಗು ಮುರಿಯುತ್ತಿದ್ದರು. ಕೊಂಡವರೆಲ್ಲ ದರ್ಜಿಗಳು, ಬಸ್ ಕಂಡಕ್ಟರುಗಳು, ಪಿಂಚಣಿಯವರು. ಅವರಲ್ಲಿ ಕಂಪನಿ ಸೆಕ್ರೆಟರಿಯ ಅಕ್ಕನೂ ಒಬ್ಬಳು. ತಾಯಿ ಹೋದ ಮೇಲೆ ಹೊಲಿಗೆ ಯಂತ್ರ ತುಳಿದು ತಮ್ಮನನ್ನು ಓದಿಸಿದವಳು. ಅವನಿಗೆ ಅಲ್ಲಿ ಕೆಲಸ ಸಿಕ್ಕ ಖುಷಿಗೆ, ಕೂಡಿಟ್ಟಿದ್ದನ್ನೆಲ್ಲ ಅದೇ ಷೇರಿಗೆ ಹಾಕಿದ್ದಳು.

ಒಂದು ಬೆಳಿಗ್ಗೆ ಹಡಗಿನ ಕಂಟೇನರುಗಳಿಗೆ ಬೀಗ ಒದಗಿಸುವ ಭಾರಿ ಆರ್ಡರ್ ಬಂತು. ಅಂಥ ಸುದ್ದಿಯನ್ನು ಕೂಡಲೇ ಷೇರುಪೇಟೆಗೆ ತಿಳಿಸಬೇಕಾದವನು ಸೆಕ್ರೆಟರಿ.

"ಸ್ವಲ್ಪ ತಡೀರಿ," ಎಂದರು ಯಜಮಾನರು. "ಬೆಲೆ ಏರೋಕೆ ಮುಂಚೆ ಸಿಕ್ಕಷ್ಟು ಷೇರು ಬಾಚ್ಕೊಳ್ಳೋಣ."

ಅವನು ಆಗಲಿ ಎಂದು ತಲೆಯಾಡಿಸಿದ. ಯಜಮಾನರ ಏಜೆಂಟ್ ಮನೆಮನೆ ಸುತ್ತತೊಡಗಿದ.

ಆ ಭಾನುವಾರ ಅಕ್ಕ ಊಟಕ್ಕೆ ಬಡಿಸುತ್ತ ಕೇಳಿದಳು: "ಯಾರೋ ಷೇರು ಕೊಳ್ಳೋಕೆ ಬಂದಿದ್ದ ಕಣೋ. ಹೊಲಿಗೆ ಅಂಗಡಿ ಸೂರು ಸೋರ್ತಿದೆ. ಮಾರಿಬಿಡ್ಲಾ?"

ಅವನು ನೀರು ಕುಡಿದ. "ನಿನ್ನಿಷ್ಟ ಅಕ್ಕ," ಎಂದ.

ಅಕ್ಕ ಮಾರಿದಳು. ತಮ್ಮ ಬೇಡ ಅನ್ನಲಿಲ್ಲವಲ್ಲ ಎಂಬ ಧೈರ್ಯದ ಮೇಲೆ ಪಕ್ಕದ ಮನೆಯ ನಿವೃತ್ತ ಕಂಡಕ್ಟರಿಗೂ ಮಾರಲು ಹೇಳಿದಳು. ಅದನ್ನು ಕೇಳಿದ ದಿನದಿಂದ ಅವನಿಗೆ ಕಚೇರಿಯ ಕುರ್ಚಿ ಮುಳ್ಳಾಯಿತು. ಕೊನೆಗೆ ಬೀಗಗಳನ್ನು ಪರೀಕ್ಷಿಸುವ ಕೋಣೆಯಲ್ಲಿ ಯಜಮಾನರನ್ನು ಹಿಡಿದ.

"ಸುದ್ದಿ ಇವತ್ತೇ ಹೊರಗೆ ಹೋಗ್ಬೇಕು ಸಾರ್. ಈ ಮಧ್ಯೆ ಕೊಂಡಿದ್ದನ್ನೂ ಅದೇ ಬೆಲೆಗೆ ವಾಪಸ್ ಕೊಡ್ಬೇಕು. ಇಲ್ಲಾಂದ್ರೆ ನಾನು ಕೆಲಸ ಬಿಟ್ಟು, ಯಾಕೆ ಬಿಟ್ಟೆ ಅಂತ ಷೇರುಪೇಟೆಯವರಿಗೆ ಹೇಳ್ತೀನಿ."

ಯಜಮಾನರು ಕೈಯಲ್ಲಿದ್ದ ಬೀಗವನ್ನು ಮೇಜಿನ ಮೇಲಿಟ್ಟರು. "ನಿಮ್ಮಕ್ಕ ಮಾರಿದ್ದಾರೆ ಅಂತ ಕೇಳಿದೆ. ಅದಕ್ಕೇ ಈಗ ನೀತಿ ನೆನಪಾಯ್ತಾ? ಬೇರೆಯವರ ಮನೆಗೆ ಏಜೆಂಟ್ ಹೋದಾಗ ಎಲ್ಲಿ ಹೋಗಿತ್ತು?"

ಮಾತು ನಿಜವಾಗಿತ್ತು. ಆದರೂ ಅವನು ಬಾಗಿಲು ಬಿಟ್ಟು ಕದಲಲಿಲ್ಲ.

ವಿಚಾರಣೆ ಶುರುವಾದರೆ ಹಡಗಿನವರು ಆರ್ಡರನ್ನೇ ಕಿತ್ತುಕೊಳ್ಳುತ್ತಾರೆ ಎಂಬುದು ಯಜಮಾನರಿಗೂ ಹೊಳೆಯಿತು. ಸಂಜೆಯೊಳಗೆ ಸುದ್ದಿ ಹೊರಬಿತ್ತು. ಷೇರು ಮಾರಿದವರಿಗೆಲ್ಲ ವಾಪಸ್ ಪಡೆಯುವ ಅವಕಾಶ ಸಿಕ್ಕಿತು.

ವಾರ್ಷಿಕ ಸಭೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಡೆಯಿತು. ಎಂದೂ ಬಾರದಷ್ಟು ಜನ ಬಂದಿದ್ದರು. ನಿವೃತ್ತ ಕಂಡಕ್ಟರ್ ಎದ್ದು ನಿಂತರು. "ಚಿಲ್ಲರೆ ಷೇರಿನ ಕಂಪನಿ ಅಂತ ಎಲ್ಲರೂ ಆಡ್ಕೋತಿದ್ರು. ಕೊಂಡಿದ್ದನ್ನ ವಾಪಸ್ ಕೊಡೋ ಕಂಪನಿ ಎಲ್ಲಾದ್ರೂ ಉಂಟಾ? ದೊಡ್ಡ ಮನಸ್ಸಿನವರು!"

ಚಪ್ಪಾಳೆ ಮೊಳಗಿತು. ಯಜಮಾನರು ಎದ್ದು ಕೈಮುಗಿದರು. ಸೆಕ್ರೆಟರಿ ನೆಲ ನೋಡುತ್ತ ಕೂತ. ತಲೆಯೆತ್ತಿದಾಗ ಕಂಡಿದ್ದು ಅಕ್ಕನ ಮುಖ. ಅವಳೊಬ್ಬಳು ಚಪ್ಪಾಳೆ ತಟ್ಟುತ್ತಿರಲಿಲ್ಲ.

ಸಭೆ ಮುಗಿದು ಇಬ್ಬರೂ ಬಸ್ ನಿಲ್ದಾಣಕ್ಕೆ ಬಂದಾಗ ಅಕ್ಕ ಕೇಳಿದಳು:

"ನಾನು ಕೇಳಿದಾಗ ಆರ್ಡರ್ ವಿಷಯ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಒಳಗಿನ ವಿಷಯ, ಹೇಳೋ ಹಾಗಿಲ್ಲ, ಅದರ ಬಗ್ಗೆ ನನ್ನನ್ನ ಕೇಳ್ಬೇಡ ಅನ್ಬೋದಿತ್ತು. ನಂಗೆ ಅಷ್ಟೂ ಅರ್ಥ ಆಗಲ್ವಾ? ಷೇರು ಮಾರಿಬಿಡಿ ಅಂತ ನಾನು ಪಕ್ಕದ ಮನೆ ಕಂಡಕ್ಟರಿಗೂ ಹೇಳಿದೆನಲ್ಲೋ. ಈಗ ಅವರು ನನ್ನ ಕೈ ಹಿಡ್ಕೊಂಡು, ನಿನ್ನ ತಮ್ಮ ಚಿನ್ನದಂಥವನು ಅಂತಾರೆ."

"ತಪ್ಪಾಯ್ತು ಅಕ್ಕ."

"ಹೂಂ," ಎಂದಳು ಅಕ್ಕ. ಬಸ್ಸು ಬಂತು. ಮೊದಲು ಹತ್ತಿ ಕೂತ ಅವಳು, ಪಕ್ಕದ ಸೀಟಿನ ಮೇಲಿಟ್ಟಿದ್ದ ತನ್ನ ಚೀಲವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಅವನಿಗೆ ಜಾಗ ಮಾಡಿದಳು.

ಭಾನುವಾರದ ಊಟ ತಪ್ಪಲಿಲ್ಲ. ಆದರೆ ಅಂಗಡಿಯ ಸೂರು ಹೊದಿಸುವಾಗ ತಗಡೋ ಹೆಂಚೋ ಎಂದು ಅಕ್ಕ ಊರೆಲ್ಲ ವಿಚಾರಿಸಿದಳು. ಅವನನ್ನು ಕೇಳಲಿಲ್ಲ.